ಸೋಲು ಎಂಬ ಶಬ್ದ ಮತ್ತು ನಾಡಿನ ಕಾಲ್ಚೆಂಡಾಟ

‘ಸೋಲ್’ ಧಾತುವಿಗೆ ಪರಾಭವ ಹೊಂದು ಎಂಬ ಅರ್ಥದೊಡನೆ ಮರುಳಾಗು ಎಂಬ ಅರ್ಥವೂ ಉಂಟು. ‘ಮನಸೋತನು’ ಎಂಬ ಪ್ರಯೋಗವನ್ನು ಕೊಪ್ಪಳ, ಕುಷ್ಟಗಿ ಸೀಮೆಯ ಮಕ್ಕಳೂ ಬಲ್ಲರು. ಈ ಎರಡರ್ಥಗಳೂ ಕೂಡಿದ ನಿದರ್ಶನವೊಂದು ನಮ್ಮ ನಾಡಿನ ಕಾಲ್ಚೆಂಡಾಟದಲ್ಲಿದೆ.

ಸಂತೋಷ್ ಟ್ರೋಫಿಯನ್ನು ಮೈಸೂರು ತಂಡವು 1946-47, 1952-53, 1967-68 ಹಾಗೂ 1968-69ರಲ್ಲಿ ಗೆದ್ದಿತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ನಾಮಕರಣವಾಯಿತು; ಹೊಸ ಹೆಸರಿನ ತಂಡಕ್ಕೆ ಮಾತ್ರ ಟ್ರೋಫಿ ಒಲಿಯಲಿಲ್ಲ. 1975-76ರ ಅಂತಿಮ ಪಂದ್ಯದಲ್ಲಿ ಬಂಗಾಳಕ್ಕೆ ಸೋತ ತಂಡವು ಮುಂದೆ ನಾಲ್ವತ್ತೇಳು ವರ್ಷ ಆ ಘಟ್ಟವನ್ನೇ ಮುಟ್ಟಲಿಲ್ಲ. ಈ ನಡುವೆ ವರ್ಷವರ್ಷವೂ ಆಡಿ, ಬರಿಗೈಯಲ್ಲಿ ನಿವೃತ್ತರಾದವರೆಷ್ಟೋ! ಧಾತುವಿನ ಎರಡನೆಯ ಅರ್ಥ ಸಲ್ಲುವುದು ಅವರಿಗೇ.

2022ರ ಏಪ್ರಿಲಿನಲ್ಲಿ, ಕೇರಳದ ಮಂಜೇರಿಯಲ್ಲಿ ನಡೆದ ಉಪಾಂತ್ಯ ಪಂದ್ಯದಲ್ಲಿ ಮೊದಲ ಗೋಲು ಕರ್ನಾಟಕದ್ದೇ. ಆದರೆ ಆತಿಥೇಯ ಕೇರಳವು 7-3ರಿಂದ ಗೆದ್ದಿತು. ಬದಲಿ ಆಟಗಾರನಾಗಿ ಇಳಿದ ಜೆಸಿನ್ ಒಬ್ಬನೇ ಐದು ಗೋಲು ಹೊಡೆದನು. ತಲೆಯೆತ್ತಲಾಗದ ಸೋಲು ಅದು.

ಹನ್ನೊಂದು ತಿಂಗಳು ತುಂಬುವ ಮೊದಲೇ, 2023ರ ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ ಕರ್ನಾಟಕವು ಟ್ರೋಫಿಯನ್ನು ಪಡೆಯಿತು. ಆ ಪಂದ್ಯಾವಳಿಯ ಕೊನೆಯ ಘಟ್ಟವು ಪರದೇಶದಲ್ಲಿ ಜರುಗಿದ್ದು ಅದೇ ಮೊದಲು.