ಹವಳದ ದಿಬ್ಬಗಳೂ ದೇಶದ ಯೋಜನೆಯೂ

ಹವಳವೆಂದ ಕೂಡಲೇ ನಮ್ಮಲ್ಲಿ ಅನೇಕರಿಗೆ ಅಜ್ಜಿಯ ಕೊರಳಿನ ಕೆಂಪು ಮಣಿಗಳ ಸರವು ನೆನಪಾಗುವುದು. ಯೋಬನ ಗ್ರಂಥದಲ್ಲಿಯೂ ಯೆಹೆಜ್ಕೇಲನ ಗ್ರಂಥದಲ್ಲಿಯೂ ಬೆಲೆಯುಳ್ಳ ಪದಾರ್ಥಗಳ ಸಾಲಿನಲ್ಲಿ ಹವಳವು ಹೆಸರಿಸಲ್ಪಟ್ಟಿರುವುದನ್ನು ಸತ್ಯವೇದದ ವಾಚಕರು ಬಲ್ಲರು. ಆಭರಣದ ಆ ಕೆಂಪು ಹವಳವು ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದಿಂದ ಬಂದುದಾಗಿದೆ. ಈ ಪಾಠದಲ್ಲಿ ವಿವರಿಸತಕ್ಕ ಹವಳವಾದರೋ ಬೇರೆ ಬಗೆಯದು. ಅದು ಕೊರಳನ್ನು ಅಲಂಕರಿಸುವುದಿಲ್ಲ. ಆದರೆ ಸಮುದ್ರದೊಳಗೆ ದಿಬ್ಬಗಳನ್ನು ಕಟ್ಟಿ, ದ್ವೀಪಗಳನ್ನು ನಿಲ್ಲಿಸಿ, ಸಾವಿರಾರು ಕುಟುಂಬಗಳಿಗೆ ನೆಲವನ್ನೂ ಆಹಾರವನ್ನೂ ಒದಗಿಸುತ್ತಿರುವುದು. ಇಂಥ ದಿಬ್ಬಗಳನ್ನು ಕಾಯುವ ಕೆಲಸಕ್ಕೆ ದೇಶದ ಜೀವವೈವಿಧ್ಯ ಯೋಜನೆಯಲ್ಲಿ ಏಕೆ ಸ್ಪಷ್ಟವಾದ ಸ್ಥಾನವಿರಬೇಕೆಂಬುದನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ಸ್ವಲ್ಪದರಲ್ಲಿ ಇಡುವೆನು.

ಹವಳವು ಎಂಥದು?

ಹವಳವು ಕಲ್ಲೂ ಅಲ್ಲ, ಗಿಡವೂ ಅಲ್ಲ, ಅದೊಂದು ಪ್ರಾಣಿ. ಲೋಳೆಮೀನಿಗೆ ದೂರದ ಸಂಬಂಧವುಳ್ಳ ಈ ಸಣ್ಣ ಜೀವಿಗಳು ಗುಂಪಾಗಿ ಬಾಳುತ್ತವೆ. ಪ್ರತಿಯೊಂದು ಜೀವಿಯೂ ಸಮುದ್ರದ ನೀರಿನಿಂದ ಸುಣ್ಣದ ಅಂಶವನ್ನು ತೆಗೆದುಕೊಂಡು ತನ್ನ ಸುತ್ತಲೂ ಚಿಕ್ಕ ಬಟ್ಟಲಿನಂಥ ಮನೆಯನ್ನು ಕಟ್ಟಿಕೊಳ್ಳುವುದು. ಒಂದು ತಲೆಮಾರಿನ ಮನೆಯ ಮೇಲೆ ಮುಂದಿನ ತಲೆಮಾರು ಕಟ್ಟುತ್ತಾ ಹೋಗಲು, ಸಾವಿರಾರು ವರುಷಗಳಲ್ಲಿ ಅದೇ ದೊಡ್ಡ ದಿಬ್ಬವಾಗುವುದು. ಈ ಜೀವಿಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿಗಳು ವಾಸಿಸುತ್ತವೆ. ಪಾಚಿಯು ಸೂರ್ಯನ ಬೆಳಕಿನಿಂದ ಆಹಾರವನ್ನು ಸಿದ್ಧಪಡಿಸಿ ಹವಳಕ್ಕೆ ಕೊಡುವುದು. ಹವಳವು ಪಾಚಿಗೆ ಆಶ್ರಯವನ್ನು ಕೊಡುವುದು. ಹವಳದ ಬಣ್ಣವೂ ಬಹುಮಟ್ಟಿಗೆ ಈ ಪಾಚಿಯದೇ.

ಆದುದರಿಂದ ದಿಬ್ಬ ಕಟ್ಟುವ ಹವಳಕ್ಕೆ ಬೆಚ್ಚಗಿನ, ತಿಳಿಯಾದ, ಬೆಳಕು ಇಳಿಯುವಷ್ಟು ಆಳವಿಲ್ಲದ ನೀರು ಬೇಕು. ಹೂಳು ಬಂದು ಕವಿದರೆ ಅದು ಉಸಿರುಗಟ್ಟುವುದು. ಕೊಳಚೆ ನೀರು ಸೇರಿದರೆ ಬೇರೆ ಪಾಚಿಗಳು ದಟ್ಟವಾಗಿ ಬೆಳೆದು ಅದನ್ನು ಮುಚ್ಚಿಬಿಡುವುವು. ನೀರಿನ ಉಷ್ಣವು ಬೇಸಿಗೆಯ ವಾಡಿಕೆಯ ಮಟ್ಟಕ್ಕಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೂ ಸಾಕು, ಹವಳವು ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗೆ ಬಿಳಿಚಿಕೊಳ್ಳುವುದು. ಉಷ್ಣವು ಬೇಗನೆ ಇಳಿದರೆ ಪುನಃ ಚೇತರಿಸಿಕೊಳ್ಳಬಹುದು. ಇಳಿಯದಿದ್ದರೆ ಆಹಾರವಿಲ್ಲದೆ ಸಾಯುವುದು.

ದಿಬ್ಬಗಳಿಂದಾಗುವ ಉಪಕಾರ

ಹವಳದ ದಿಬ್ಬಗಳು ಸಮುದ್ರದ ತಳದಲ್ಲಿ ನೂರರಲ್ಲಿ ಒಂದು ಪಾಲನ್ನೂ ಆಕ್ರಮಿಸಿಲ್ಲ. ಆದಾಗ್ಯೂ ಸಮುದ್ರಜೀವಿಗಳ ಜಾತಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ತಮ್ಮ ಬಾಳಿನ ಯಾವುದಾದರೊಂದು ಕಾಲದಲ್ಲಿ ಇವುಗಳನ್ನು ಆಶ್ರಯಿಸುತ್ತವೆ. ನಮ್ಮ ದೇಶದಲ್ಲಿ ಕಚ್ಛದ ಖಾರಿ, ಮನ್ನಾರ್ ಖಾರಿ, ಲಕ್ಷದ್ವೀಪ, ಅಂಡಮಾನ್ ನಿಕೋಬಾರ್ ಎಂಬೀ ನಾಲ್ಕು ಕಡೆಗಳಲ್ಲಿ ಮುಖ್ಯವಾದ ದಿಬ್ಬಗಳುಂಟು. ಕನ್ನಡ ಕರಾವಳಿಯಲ್ಲಿಯೂ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳವು ಬೆಳೆದಿರುವುದು.

ಲಕ್ಷದ್ವೀಪವು ನಮಗೆ ಪರಕೀಯವಾದುದಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ದ್ವೀಪಗಳು 1956ನೆಯ ಇಸವಿಯ ತನಕ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು, ಮಂಗಳೂರಿನಿಂದಲೇ ಆಳಲ್ಪಡುತ್ತಿದ್ದುವು. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಓಡಗಳಲ್ಲಿ ಮಂಗಳೂರಿಗೆ ತಂದು, ಅದಕ್ಕೆ ಪ್ರತಿಯಾಗಿ ಅಕ್ಕಿಯನ್ನು ಒಯ್ಯುತ್ತಿದ್ದರು. ಲಕ್ಷದ್ವೀಪದ 36 ದ್ವೀಪಗಳನ್ನೂ ಕೂಡಿಸಿದರೆ ನೆಲವು ಕೇವಲ 32 ಚದರ ಕಿಲೋಮೀಟರು. ಜನವಸತಿಯಿರುವುವು 10 ಮಾತ್ರ. ಆ ನೆಲವೆಲ್ಲ ಹವಳದ ಮರಳಿನದು; ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರು ಎತ್ತರದಲ್ಲಿರುವಂಥದು. ದಿಬ್ಬವು ತೆರೆಗಳ ರಭಸವನ್ನು ಹೊರಗಡೆಯೇ ಮುರಿಯುವುದರಿಂದ ಒಳಗಿನ ನೆಲವು ಉಳಿದಿದೆ. ಬಾವಿಯ ಸಿಹಿನೀರೆಂಬುದು ಮರಳಿನೊಳಗೆ ಉಪ್ಪುನೀರಿನ ಮೇಲೆ ತೇಲುತ್ತಿರುವ ತೆಳುವಾದ ಪದರವೇ ಸರಿ. ದ್ವೀಪದವರು ಗಾಳದ ಕೋಲಿನಿಂದ ಸೂರೆಮೀನು ಹಿಡಿಯುವಾಗ ಎರೆಯಾಗಿ ಎಸೆಯುವ ಜೀವಂತ ಸಣ್ಣ ಮೀನುಗಳು ದಿಬ್ಬದೊಳಗಿನ ಶಾಂತ ನೀರಿನಲ್ಲಿಯೇ ಸಿಕ್ಕುವುವು. ಹೀಗೆ ದಿಬ್ಬವು ಅಳಿದರೆ ಮೀನು, ನೀರು, ನೆಲ ಮೂರಕ್ಕೂ ಅಪಾಯವುಂಟು.

ಕಾನೂನು ಮಾಡಿದ್ದೂ ಮಾಡಲಾರದ್ದೂ

ತಮಿಳುನಾಡಿನ ತೂತುಕುಡಿಗೂ ಪಾಂಬನಿಗೂ ನಡುವೆ ಮನ್ನಾರ್ ಖಾರಿಯಲ್ಲಿ 21 ಚಿಕ್ಕ ದ್ವೀಪಗಳಿದ್ದುವು. ಅಲ್ಲಿಯ ಹವಳವನ್ನು ಸುಣ್ಣಕ್ಕಾಗಿಯೂ ಕಟ್ಟಡಗಳಿಗಾಗಿಯೂ ಬಹುಕಾಲ ಒಡೆದು ಸಾಗಿಸಿದರು. ಅದರ ಫಲವಾಗಿ ಪೂವರಸನ್‌ಪಟ್ಟಿ, ವಿಲಾಂಗುಚಲ್ಲಿ ಎಂಬ ಎರಡು ದ್ವೀಪಗಳು ಸಮುದ್ರದೊಳಗೆ ಮುಳುಗಿಹೋದುವು. ಒಡೆದವರು ದ್ವೀಪವನ್ನು ಮುಳುಗಿಸಬೇಕೆಂದು ಎಣಿಸಿರಲಿಲ್ಲ. ದಿನದ ಕೂಲಿಗಾಗಿ ದುಡಿದ ಬಡವರು ಅವರು. ಆದರೆ ದಿಬ್ಬದ ಒಟ್ಟು ಲೆಕ್ಕವನ್ನು ಯಾರೂ ಇಡದಿದ್ದ ಕಾರಣ, ನಷ್ಟವು ತಿಳಿದುಬಂದಾಗ ಕಾಲವು ಮೀರಿತ್ತು.

ಅನಂತರ ಒಳ್ಳೆಯ ಕಾನೂನುಗಳು ಬಂದುವು. 1982ರಲ್ಲಿ ಕಚ್ಛದ ಖಾರಿಯಲ್ಲಿಯೂ 1986ರಲ್ಲಿ ಮನ್ನಾರ್ ಖಾರಿಯಲ್ಲಿಯೂ ಸಾಗರ ರಾಷ್ಟ್ರೀಯ ಉದ್ಯಾನಗಳು ಏರ್ಪಟ್ಟುವು. 1991ರ ಕರಾವಳಿ ನಿಯಂತ್ರಣ ವಲಯದ ಪ್ರಕಟಣೆಯು ಹವಳದ ದಿಬ್ಬಗಳನ್ನು ಅತ್ಯಂತ ಕಟ್ಟುನಿಟ್ಟಾದ ವರ್ಗಕ್ಕೆ ಸೇರಿಸಿತು. 2001ರಲ್ಲಿ ದಿಬ್ಬ ಕಟ್ಟುವ ಹವಳಗಳು ವನ್ಯಜೀವಿ ಕಾಯಿದೆಯ ಮೊದಲನೆಯ ಅನುಸೂಚಿಯನ್ನು ಸೇರಲಾಗಿ, ಕಾನೂನಿನ ದೃಷ್ಟಿಯಲ್ಲಿ ಅವು ಹುಲಿಗೆ ಸಮಾನವಾದ ರಕ್ಷಣೆಯನ್ನು ಪಡೆದುವು.

ಕಾನೂನು ಒಡೆಯುವ ಕೈಯನ್ನು ತಡೆಯಬಲ್ಲದು, ಬಿಸಿನೀರನ್ನು ತಡೆಯಲಾರದು. 1998, 2010, 2016, 2024ನೆಯ ಇಸವಿಗಳಲ್ಲಿ ಲಕ್ಷದ್ವೀಪದ ಹವಳಗಳು ಸಮುದ್ರದ ಉಷ್ಣದಿಂದ ಬಿಳಿಚಿಕೊಂಡುವು. ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳಲ್ಲಿ 1998ರಿಂದ 2022ರ ವರೆಗೆ 24 ವರುಷ ನಡೆದ ಅಧ್ಯಯನವೊಂದರಿಂದ, ಜೀವಂತ ಹವಳದ ಹೊದಿಕೆಯು ಸುಮಾರು ಅರ್ಧಕ್ಕೆ ಇಳಿದಿರುವುದೆಂದು ತಿಳಿದುಬಂದಿದೆ. ಇದಲ್ಲದೆ ಹೂಳು ಬರುವುದು ನೆಲದಿಂದ, ಕೊಳಚೆ ಬರುವುದು ಊರಿನಿಂದ, ತಳವನ್ನು ಕೆದಕುವುದು ಬಂದರಿನ ಕೆಲಸ, ಲಂಗರು ಬೀಳುವುದು ವಿಹಾರದ ದೋಣಿಯಿಂದ. ಇವೆಲ್ಲವುಗಳಿಗೂ ಬೇರೆ ಬೇರೆ ಇಲಾಖೆಗಳು. ಅರಣ್ಯ ಇಲಾಖೆಯೊಂದೇ ಕಾವಲು ನಿಂತರೆ ಸಾಲದು.

ಯೋಜನೆಯ ಅವಶ್ಯಕತೆ

ಈ ಕೊರತೆಯನ್ನು ತುಂಬಬೇಕಾದುದು ರಾಷ್ಟ್ರೀಯ ಜೀವವೈವಿಧ್ಯ ಯೋಜನೆ. 1992ರ ಅಂತರರಾಷ್ಟ್ರೀಯ ಜೀವವೈವಿಧ್ಯ ಒಡಂಬಡಿಕೆಯು ಪ್ರತಿಯೊಂದು ದೇಶವೂ ಇಂಥ ಯೋಜನೆಯನ್ನು ಸಿದ್ಧಪಡಿಸಿ, ಅದನ್ನು ಎಲ್ಲ ಇಲಾಖೆಗಳ ಕಾರ್ಯಕ್ರಮಗಳಲ್ಲಿಯೂ ಹೊಂದಿಸಬೇಕೆಂದು ವಿಧಿಸಿತು. ಭಾರತವು 1994ರಲ್ಲಿ ಅದನ್ನು ಅಂಗೀಕರಿಸಿ, 2002ರಲ್ಲಿ ಜೀವವೈವಿಧ್ಯ ಕಾಯಿದೆಯನ್ನೂ 2008ರಲ್ಲಿ ರಾಷ್ಟ್ರೀಯ ಕಾರ್ಯಯೋಜನೆಯನ್ನೂ ಮಾಡಿತು. 2010ರಲ್ಲಿ ಜಪಾನಿನಲ್ಲಿ ರಾಷ್ಟ್ರಗಳು ಒಪ್ಪಿದ 20 ಗುರಿಗಳಲ್ಲಿ ಹತ್ತನೆಯದು ಹವಳದ ದಿಬ್ಬಗಳನ್ನು ಹೆಸರೆತ್ತಿ ಹೇಳಿ, ಅವುಗಳ ಮೇಲಿನ ಒತ್ತಡವನ್ನು 2015ರೊಳಗೆ ತಗ್ಗಿಸಬೇಕೆಂದಿತು. ಆ ಗುರಿಯು ಕೈಗೂಡಲಿಲ್ಲ. 2022ರಲ್ಲಿ ಮಾಂಟ್ರಿಯಲಿನಲ್ಲಿ ಒಪ್ಪಲ್ಪಟ್ಟ 23 ಹೊಸ ಗುರಿಗಳಲ್ಲಿ ಯಾವುದೂ ಹವಳದ ಹೆಸರನ್ನು ಹೊತ್ತಿಲ್ಲ. ಸಂರಕ್ಷಿತ ಪ್ರದೇಶ, ಮಾಲಿನ್ಯ, ಹವಾಮಾನ ಎಂಬ ವಿಶಾಲವಾದ ಗುರಿಗಳೊಳಗೆ ಅದು ಅಡಗಿಕೊಂಡಿದೆ. ಭಾರತವು 2024ರಲ್ಲಿ ತನ್ನ ಯೋಜನೆಯನ್ನು ಈ 23 ಗುರಿಗಳಿಗೆ ಅನುಸಾರವಾಗಿ ಪರಿಷ್ಕರಿಸಿತು. ಹವಳಕ್ಕೆ ಸ್ಪಷ್ಟವಾದ ಸ್ಥಾನವನ್ನು ಕೊಡುವ ಹೊಣೆಯು ಈಗ ಆಯಾ ದೇಶದ ಯೋಜನೆಯ ಮೇಲೆಯೇ ಬಿದ್ದಿದೆ.

ಹೆಸರಿನಲ್ಲೇನಿದೆ ಎಂದು ಕೆಲವರು ಕೇಳಬಹುದು. ಮನೆಯ ಲೆಕ್ಕದ ಪುಸ್ತಕವನ್ನು ಬರೆಯುವ ಗೃಹಿಣಿಗೆ ಇದರ ಉತ್ತರವು ತಿಳಿದಿದೆ. ತಿಂಗಳ ಮೊದಲಲ್ಲಿ ಯಾವ ಬಾಬಿಗೆ ಹೆಸರು ಬರೆದಿಲ್ಲವೋ ಅದಕ್ಕೆ ತಿಂಗಳ ಕೊನೆಯಲ್ಲಿ ಹಣವು ಉಳಿಯುವುದಿಲ್ಲ. ಹಾಗೆಯೇ ಹೆಸರಿಲ್ಲದ್ದನ್ನು ಎಣಿಸುವುದಿಲ್ಲ. ಎಣಿಸದೆ ಇದ್ದುದಕ್ಕೆ ಹಣವನ್ನೂ ಹೊಣೆಗಾರರನ್ನೂ ನೇಮಿಸುವುದಿಲ್ಲ.

ಹಾಗಾದರೆ ಯೋಜನೆಯಲ್ಲಿ ಇರತಕ್ಕದ್ದೇನು? ಮೊದಲನೆಯದಾಗಿ, ಗೊತ್ತುಪಡಿಸಿದ ಸ್ಥಳಗಳಲ್ಲಿ ಪ್ರತಿ ವರುಷವೂ ಜೀವಂತ ಹವಳದ ಹೊದಿಕೆಯನ್ನು ಅಳೆದು ಪ್ರಕಟಿಸಬೇಕು. ಎರಡನೆಯದಾಗಿ, ಮೀನುಗಾರಿಕೆ, ಬಂದರು, ನೈರ್ಮಲ್ಯ, ಪ್ರವಾಸ ಈ ಇಲಾಖೆಗಳಲ್ಲಿ ಒಂದೊಂದಕ್ಕೂ ಅದರ ಪಾಲಿನ ಕರ್ತವ್ಯವನ್ನು ಬರೆದುಕೊಡಬೇಕು. ಮೂರನೆಯದಾಗಿ, ಸ್ಥಳೀಯ ಜನರನ್ನು ಸೇರಿಸಿಕೊಳ್ಳಬೇಕು. 2002ರ ಕಾಯಿದೆಯ ಮೇರೆಗೆ ಸ್ಥಳೀಯ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲೆಯನ್ನು ಬರೆದಿಡಲು ಅವಕಾಶವಿರುವುದರಿಂದ, ದಿಬ್ಬವನ್ನು ಬಾಲ್ಯದಿಂದ ಬಲ್ಲ ಬೆಸ್ತರ ತಿಳಿವಳಿಕೆಯು ಅದರಲ್ಲಿ ಸೇರಬೇಕು. ಅವರನ್ನು ಹೊರಗಿಟ್ಟು ಮಾಡುವ ಕಾವಲು ಬಹುದಿನ ನಿಲ್ಲಲಾರದು.

ಸಮುದ್ರವೇ ಬಿಸಿಯಾಗುತ್ತಿರುವಾಗ ಇದರಿಂದ ಪ್ರಯೋಜನವೇನೆಂಬುದು ನ್ಯಾಯವಾದ ಸಂದೇಹ. ಭೂಮಿಯ ಉಷ್ಣವು 1.5 ಡಿಗ್ರಿ ಏರಿದರೆ ಹವಳದ ದಿಬ್ಬಗಳಲ್ಲಿ ನೂರಕ್ಕೆ 70ರಿಂದ 90 ಭಾಗವೂ, 2 ಡಿಗ್ರಿ ಏರಿದರೆ 99ಕ್ಕೂ ಮಿಕ್ಕ ಭಾಗವೂ ನಶಿಸಬಹುದೆಂದು ವಿಜ್ಞಾನಿಗಳ ಅಂತರರಾಷ್ಟ್ರೀಯ ಮಂಡಲಿಯು 2018ರಲ್ಲಿ ಎಚ್ಚರಿಸಿತು. ಒಂದು ದೇಶದ ಯೋಜನೆಯು ಈ ಉಷ್ಣವನ್ನು ಇಳಿಸಲಾರದು ನಿಜ. ಆದರೆ ರೋಗಿಯ ಜ್ವರವನ್ನು ಕೂಡಲೇ ಇಳಿಸಲಾಗದಿದ್ದರೂ ಆತನಿಗೆ ಶುದ್ಧವಾದ ನೀರನ್ನು ಕೊಡುವುದನ್ನು ದಾದಿಯು ನಿಲ್ಲಿಸುವುದಿಲ್ಲ. ನೀರು ತಿಳಿಯಾಗಿದ್ದು, ಪಾಚಿ ಮೇಯುವ ಗಿಳಿಮೀನುಗಳು ಸಾಕಷ್ಟಿದ್ದ ಕಡೆ, ಸತ್ತ ಹವಳದ ಮೇಲೆ ಹೊಸ ಹವಳವು ನೆಲೆಗೊಳ್ಳುವುದಕ್ಕೆ ಅನುಕೂಲವಾಗುವುದು. ಮುಂದಿನ ಬಿಸಿಲಿನ ವರುಷಕ್ಕೆ ಮೊದಲು ಅದಕ್ಕೆ ಚೇತರಿಸುವ ಸಮಯವನ್ನು ಒದಗಿಸುವುದೇ ನಮ್ಮಿಂದಾಗುವ ಕಾರ್ಯ.

ನಮ್ಮ ಪಾಲು

ಪ್ರಿಯ ಸಹೋದರಿಯರೇ, ಸಮುದ್ರತೀರದ ಅಂಗಡಿಗಳಲ್ಲಿ ಶೃಂಗಾರಕ್ಕೆಂದು ಬಿಳಿಯ ಹವಳದ ಕೊಂಬೆಯನ್ನು ಯಾರಾದರೂ ಮಾರಿದರೆ ಕೊಳ್ಳಬೇಡಿರಿ. ಅದು ಕಾನೂನಿಗೆ ವಿರುದ್ಧವೆಂದು ಮಕ್ಕಳಿಗೆ ತಿಳಿಸಿರಿ. ನಿಮ್ಮಲ್ಲಿ ಉಪಾಧ್ಯಾಯಿನಿಯರೂ ವೈದ್ಯೆಯರೂ ಪಂಚಾಯಿತಿಯ ಸದಸ್ಯೆಯರೂ ಇರಬಹುದು. ನಿಮ್ಮ ಊರಿನ ಜೀವವೈವಿಧ್ಯ ದಾಖಲೆಯನ್ನು ತೋರಿಸಿರೆಂದು ಕೇಳುವ ಹಕ್ಕು ನಿಮಗುಂಟು. ಊರಿನ ಕೊಳಚೆಯು ಯಾವ ಹೊಳೆಯಿಂದ ಯಾವ ಕಡಲಿಗೆ ಸೇರುವುದೆಂದು ವಿಚಾರಿಸುವುದೂ ಹವಳದ ಸೇವೆಯೇ.

ಆದಿಕಾಂಡವನ್ನು ಓದುವವರಿಗೆ, ದೇವರು ಮೊದಲನೆಯ ಮನುಷ್ಯನಿಗೆ ತೋಟವನ್ನು ಒಪ್ಪಿಸಿದಾಗ ದುಡಿಮೆಯೊಂದಿಗೆ ಕಾವಲನ್ನೂ ಒಪ್ಪಿಸಿದನೆಂಬುದು ತಿಳಿದಿದೆ. ಆ ಕಾವಲಿಗೆ ಸಮುದ್ರದೊಳಗಿನ ತೋಟವೂ ಸೇರಿದುದೇ. ಮನ್ನಾರಿನ ಎರಡು ದ್ವೀಪಗಳನ್ನು ನಾವು ಪುನಃ ಎತ್ತಲಾರೆವು. ಉಳಿದವುಗಳ ಲೆಕ್ಕವನ್ನು ಇಂದಿನಿಂದಲಾದರೂ ಸರಿಯಾಗಿ ಇಡುವುದು ನಮ್ಮಿಂದಾಗುವ ಕೆಲಸ.