ಬೆಚ್ಚಿದ ಮೃಗಕ್ಕೆ ದಾರಿ ಬಿಡಿ



ಅಡಿಕೆ ಕೊಯ್ಲು ನಡೆದಿದೆ, ಕಾಫಿ ಕೊಯ್ಲು ಎದುರಿಗಿದೆ. ಇನ್ನು ಕೆಲವು ತಿಂಗಳು ನಮ್ಮ ಕೆಲಸಗಾರರು ಬೆಳಗಿನ ಮಂಜಿನಲ್ಲೇ ಗಿಡಗಳ ನಡುವೆ ನುಗ್ಗಬೇಕು. ಕಾಡಂಚಿನ ತೋಟಗಳ ಹಳುವಿನಲ್ಲಿ ಚಿರತೆಯೋ ಹುಲಿಯೋ ಹಗಲು ಮಲಗಿರುವುದುಂಟು. ಬಯಲುಸೀಮೆಗೆ ತಾಗಿದ ಗುಡ್ಡಗಳಲ್ಲಿ ಕರಡಿಯ ಕಾಟವೂ ಇದೆ. ಆದಕಾರಣ, ಬೆಚ್ಚಿದ ಮೃಗ ಹೇಗೆ ವರ್ತಿಸುತ್ತದೆಂಬುದನ್ನು ನಾವು ತಿಳಿದಿರಬೇಕು.

ಸಾಮಾನ್ಯವಾಗಿ ಈ ಮೃಗಗಳು ಮನುಷ್ಯನಿಂದ ತಪ್ಪಿಸಿಕೊಳ್ಳಲು ನೋಡುತ್ತವೆಯೇ ಹೊರತು ಜಗಳಕ್ಕೆ ಬರುವುದಿಲ್ಲ. ಅವು ತಿರುಗಿಬೀಳುವುದು ಹೆಚ್ಚಾಗಿ ನಾಲ್ಕು ಸಂದರ್ಭಗಳಲ್ಲಿ: ನಾವು ಅರಿಯದೆ ತೀರ ಹತ್ತಿರ ಹೋದಾಗ, ಮರಿಗಳು ಜೊತೆಗಿದ್ದಾಗ, ಗಾಯವಾದಾಗ, ಓಡುವ ದಾರಿ ಮುಚ್ಚಿದಾಗ.

ಚಿರತೆ: ಜನರ ಸದ್ದು ಕೇಳಿದರೆ ನೆಲಕ್ಕಂಟಿ ಅಡಗುತ್ತದೆ. ನಾವು ಮುಂದೆ ಸಾಗಿದರೆ ಅದೂ ಜಾರಿಕೊಳ್ಳುತ್ತದೆ. ಸುತ್ತುವರಿದು ಕಲ್ಲು ಹೊಡೆದರೆ ಮಾತ್ರ ಸಿಕ್ಕವರ ಮೇಲೆರಗುತ್ತದೆ. 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಶಾಲೆಯೊಂದಕ್ಕೆ ನುಗ್ಗಿದ ಚಿರತೆ ಹಲವರನ್ನು ಗಾಯಗೊಳಿಸಿತು. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿಯವರೂ ಅವರಲ್ಲೊಬ್ಬರು. ಅನುಭವಿಗಳಿಗೇ ಹೀಗಾದರೆ, ದೊಣ್ಣೆ ಹಿಡಿದ ನಮ್ಮ ಗುಂಪಿನ ಪಾಡೇನು?

ಹುಲಿ: ಅನೇಕ ವೇಳೆ ಮೊದಲು ಎಚ್ಚರಿಸುತ್ತದೆ. ಗುರುಗುಟ್ಟುತ್ತದೆ, ಕಿವಿ ಹಿಂದಕ್ಕೆ ಮಡಚುತ್ತದೆ, ಬಾಲ ಬಡಿಯುತ್ತದೆ. ನಾಲ್ಕು ಹೆಜ್ಜೆ ನುಗ್ಗಿ ಬಂದು ನಿಲ್ಲುವುದೂ ಉಂಟು. ಆಗ ಬೆನ್ನು ತೋರಿಸಿ ಓಡಬಾರದು. ಓಡುವುದನ್ನು ಅಟ್ಟುವುದು ಅದರ ಹುಟ್ಟುಗುಣ. ಮುಖ ಅದರ ಕಡೆಗಿಟ್ಟು, ಬಗ್ಗದೆ, ನಿಧಾನವಾಗಿ ಹಿಂದೆ ಸರಿಯಬೇಕು.

ಕರಡಿ: ಇದಕ್ಕೆ ಮೂಗು ಚುರುಕು, ಕಣ್ಣು ಮಂದ. ಹುತ್ತಕ್ಕೆ ಮೂತಿಯಿಟ್ಟು ಗೆದ್ದಲು ಹೀರುವಾಗ ನಮ್ಮ ಸುಳಿವೇ ಅದಕ್ಕೆ ತಿಳಿಯದು. ಹತ್ತಿರದಲ್ಲಿ ಬೆಚ್ಚಿದರೆ ಓಡುವ ಬದಲು ಎರಗುವುದೇ ಹೆಚ್ಚು, ಅದೂ ತಲೆ ಮುಖಕ್ಕೆ. ಮೇಲೆ ಬಿದ್ದೇಬಿಟ್ಟರೆ ಬೋರಲಾಗಿ ಮಲಗಿ, ಕೈಗಳಿಂದ ಕತ್ತು ತಲೆ ಮುಚ್ಚಿಕೊಳ್ಳಬೇಕು.

ತೋಟದಲ್ಲಿ ನಾವು ಪಾಲಿಸಬೇಕಾದ್ದು:

1. ಕೊಯ್ಲಿಗೆ ಮುಂಚೆ ಕಾಲುದಾರಿ, ಪಂಪ್‌ಹೌಸ್, ಲೈನ್ ಮನೆಗಳ ಸುತ್ತಲಿನ ಹಳು ಸವರಿಸಿ.

2. ಒಬ್ಬೊಬ್ಬರಾಗಿ ಹೋಗದೆ, ಮಾತಾಡುತ್ತ ಜೊತೆಯಾಗಿ ಹೋಗಿ. ರಾತ್ರಿ ಮೋಟಾರು ಹಾಕಲು ಹೋಗುವವರ ಕೈಯಲ್ಲಿ ಟಾರ್ಚಿರಲಿ.

3. ನಾಯಿಯನ್ನು ಪೊದೆಗೆ ಛೂಬಿಡಬೇಡಿ. ಹೆದರಿದ ನಾಯಿ ಓಡಿಬರುವುದು ನಿಮ್ಮ ಕಾಲಬುಡಕ್ಕೇ.

4. ಚಿರತೆ ಮರಿ ಕಂಡರೆ ಎತ್ತಬೇಡಿ. ಜನ ದೂರ ಸರಿದರೆ ತಾಯಿ ಬಂದು ಒಯ್ಯುವ ಸಂಭವವೇ ಹೆಚ್ಚು. ಅರಣ್ಯ ಇಲಾಖೆಗೆ ತಿಳಿಸಿ.

5. ಗಾಯವಾದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಕರೆದೊಯ್ಯಿರಿ. ರಕ್ತ ಸುರಿಯುತ್ತಿದ್ದರೆ ಬಟ್ಟೆ ಒತ್ತಿ ಹಿಡಿದು ಕೂಡಲೇ ಹೊರಡಿ. ಹುಚ್ಚುನಾಯಿ ರೋಗದ ಚುಚ್ಚುಮದ್ದು ತಪ್ಪಿಸಬೇಡಿ.

ಕೊನೆಗೊಂದು ಕಟುವಾದ ಮಾತು. ಹಂದಿಗೆಂದು ಬೇಲಿಯಲ್ಲಿ ಕಟ್ಟಿದ ತಂತಿ ಉರುಳಿಗೆ ಚಿರತೆ, ಹುಲಿಗಳೂ ಬೀಳುತ್ತವೆ. ಗಾಯ, ಭಯ, ಮುಚ್ಚಿದ ದಾರಿ ಮೂರೂ ಅಲ್ಲಿ ಒಂದಾಗುತ್ತವೆ. ಆ ಒದ್ದಾಟಕ್ಕೆ ತಂತಿ ಹರಿದರೆ ನೋಡಲು ನೆರೆದವರ ಗತಿಯೇನು? ಉರುಳೊಡ್ಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ನಮ್ಮ ಬೇಲಿಗಳಲ್ಲಿ ಅಂಥದ್ದಿದ್ದರೆ ಇಂದೇ ಕಿತ್ತುಹಾಕೋಣ.

ಕೊಯ್ಲು ಶುರುವಾಗುವ ದಿನ ಮೇಸ್ತ್ರಿಯವರಿಂದ ಇದನ್ನು ಎಲ್ಲರಿಗೂ ಓದಿ ಹೇಳಿಸಿ. ಹೊರರಾಜ್ಯದಿಂದ ಬಂದವರಿಗೆ ಅವರ ಭಾಷೆಯಲ್ಲೇ ತಿಳಿಸಿ. ಹಣ್ಣು ನಾಳೆಯೂ ಕೊಯ್ಯಬಹುದು, ಹೋದ ಜೀವ ಬಾರದು.