ಚಹಾ ಸವಿಯಲು ಹೊರಟವರಿಗೆ

ಊಟಿ, ಕೂನೂರಿನ ಕಡೆ ಚಹಾ ಕಾರ್ಖಾನೆ ನೋಡಲು ಹೊರಟಿದ್ದೀರಾ? ಒಂದು ಮಾತು ಕೇಳಿ. ಏಲಕ್ಕಿ, ಸಕ್ಕರೆ ಹಾಕಿ ಕೊಡುವ ಬಿಸಿ ಲೋಟಕ್ಕೆ ಮರುಳಾಗಿ ಅಲ್ಲೇ ಕಿಲೋಗಟ್ಟಲೆ ಪುಡಿ ಕಟ್ಟಿಸಿಕೊಳ್ಳಬೇಡಿ. ಹಾಲು ಸಕ್ಕರೆಯಲ್ಲಿ ಎಲೆಯ ಗುಣ ಮುಚ್ಚಿಹೋಗುತ್ತದೆ. ಬರೀ ಡಿಕಾಕ್ಷನ್ ಕೇಳಿ ಪಡೆಯಿರಿ. ಸಿಟಿಸಿ, ಅಂದರೆ ಅರೆದು ಹರಳಾಗಿಸಿದ ಪುಡಿಯದನ್ನೂ ಆರ್ಥೊಡಾಕ್ಸ್, ಅಂದರೆ ಹೊಸೆದ ಎಲೆಯದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಚಮಚದಿಂದ ಗಾಳಿಯೊಡನೆ ಸೊರ್ರೆಂದು ಹೀರಿದರೆ ಪರಿಮಳ ಮೂಗಿಗೇರುತ್ತದೆ. ಪಳಗಿದವರೂ ಹೀಗೇ ಹೀರಿ ಉಗುಳುತ್ತಾರೆ, ನಾಚಿಕೆ ಬೇಡ. ಬೆಂದ ಎಲೆಯನ್ನೂ ಮೂಸಿ. ಸವಿ ನೋಡುವ ಮೊದಲು ಮಾತ್ರ ಊಟಿ ವರ್ಕಿ ಬಿಸ್ಕತ್ತು ತಿನ್ನಬೇಡಿ, ಜಿಡ್ಡು ನಾಲಗೆಗೆ ಅಂಟಿದರೆ ರುಚಿ ತಿಳಿಯದು. ಡಿಸೆಂಬರ್, ಜನವರಿಯ ಚಳಿಯಲ್ಲಿ ಕೊಯ್ದ ಎಲೆ ಸಿಕ್ಕರೆ ಬಿಡಬೇಡಿ. ನೀಲಗಿರಿಯ ಘಮ ಅದರಲ್ಲೇ ಹೆಚ್ಚು. ಇನ್ನು, ಬಂಡೀಪುರದ ಮೂಲಕ ಹಿಂದಿರುಗುವುದಾದರೆ, ಆ ದಾರಿ ರಾತ್ರಿ 9ಕ್ಕೆ ಮುಚ್ಚುತ್ತದೆ; ಹೊತ್ತಿರುವಾಗಲೇ ಗೂಡಲೂರು ಬಿಡಿ.